ಗಣಿದುರಂತದಲ್ಲಿ ರಕ್ಷಣಾಕಾರ್ಯ ಮತ್ತು ವಾರ್ತಾಸಂಪರ್ಕ: ಕೂರಿಯೆರ್ ದುರಂತದ (೧೯೦೬) ಒಂದು ಪರಿಶೀಲನೆ

೧. ಪೀಠಿಕೆ

ಗಣಿದುರಂತಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಗೆ ಪ್ರಾಧಾನ್ಯ ಕೊಟ್ಟಿದ್ದಾರೆ: ದುರಂತಕ್ಕೆ ಕಾರಣವೇನು? ಸತ್ತವರೆಷ್ಟು ಮಂದಿ? ಇವೆರಡರ ನಡುವೆ ಇರುವ ಕಾಲಾವಧಿ, ಎಂದರೆ ಅಪಘಾತ ಸಂಭವಿಸಿದ ಕ್ಷಣದಿಂದ ಒಳಗೆ ಸಿಕ್ಕಿಬಿದ್ದ ಕೊನೆಯ ಮನುಷ್ಯನ ಗತಿ ತಿಳಿಯುವವರೆಗಿನ ದಿನಗಳು, ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದೇ ಹೆಚ್ಚು. ಆದರೆ ಒಂದು ಆಡಳಿತದ ಶಕ್ತಿ ಅಶಕ್ತಿಗಳೆರಡೂ ನಿಚ್ಚಳವಾಗಿ ಕಾಣಬರುವುದು ಈ ದಿನಗಳಲ್ಲಿಯೇ. ಆಗ ಯಾರು ಆಜ್ಞೆ ಕೊಟ್ಟರು, ಯಾವ ಆಧಾರದಿಂದ ಕೊಟ್ಟರು, ಗಣಿಯ ಹೊರಗೆ ಕಾದುನಿಂತ ಬಂಧುಬಾಂಧವರಿಗೆ ಏನು ಹೇಳಿದರು ಎಂಬ ವಿಚಾರ ಚರಿತ್ರಕಾರನ ಗಮನಕ್ಕೆ ಯೋಗ್ಯವಾದುದು.

ಕನ್ನಡನಾಡಿನ ವಿದ್ಯಾರ್ಥಿಗೆ ಗಣಿ ಎಂದೊಡನೆ ನೆನಪಿಗೆ ಬರುವುದು ಕೋಲಾರದ ಚಿನ್ನದ ಗಣಿಗಳು. ೨೦೦೧ರಲ್ಲಿ ಮುಚ್ಚಿದ ಆ ಗಣಿಗಳ ಆಳವಾದ ಭಾಗಗಳಲ್ಲಿ ಕೆಲಸಗಾರರು ಬಹುವಾಗಿ ಅಂಜುತ್ತಿದ್ದುದು ಒತ್ತಡದಿಂದ ಬಂಡೆ ಸಿಡಿಯುವ ಶಿಲಾಸ್ಫೋಟಕ್ಕೆ. ಕಲ್ಲಿದ್ದಲಿನ ಗಣಿಯ ಅಪಾಯ ಬೇರೊಂದು ಬಗೆಯದು. ಅಲ್ಲಿ ಅಗೆಯುವ ವಸ್ತುವೇ ಉರಿಯುವ ವಸ್ತು. ಅದರ ಧೂಳೂ ಅದರಿಂದ ಹೊರಡುವ ಅನಿಲವೂ ಸಿಡಿಯಬಲ್ಲವು. ಸಿಡಿತದಿಂದ ಪಾರಾದವನನ್ನು ಬಳಿಕ ಹಬ್ಬುವ ವಿಷಾನಿಲ ಕೊಲ್ಲಬಲ್ಲುದು. ಆದುದರಿಂದ ಇಂಥ ಗಣಿಯಲ್ಲಿ ರಕ್ಷಣೆಗೆ ಇಳಿದವನ ಪ್ರಾಣವೂ ಪಣಕ್ಕೆ ಒಡ್ಡಿದಂತೆಯೇ.

ಯೂರೋಪಿನ ಗಣಿಗಳ ಚರಿತ್ರೆಯಲ್ಲಿ ಅತ್ಯಂತ ಭೀಕರವಾದ ಘಟನೆ ೧೯೦೬ರ ಮಾರ್ಚ್ ೧೦ರಂದು ಉತ್ತರ ಫ್ರಾನ್ಸಿನ ಕೂರಿಯೆರ್ ಕಂಪೆನಿಯ ಗಣಿಗಳಲ್ಲಿ ನಡೆಯಿತು. ಅದರಲ್ಲಿ ಮಡಿದವರ ಅಧಿಕೃತ ಸಂಖ್ಯೆ ೧,೦೯೯. ಒಳಗಿನಿಂದ ಯಾವ ಸುದ್ದಿಯೂ ಬಾರದಿದ್ದಾಗ ಆ ಮೌನವನ್ನು ಮೇಲಿದ್ದ ಅಧಿಕಾರಿಗಳು ಹೇಗೆ ಅರ್ಥ ಮಾಡಿಕೊಂಡರು, ಆ ಅರ್ಥದಿಂದ ಏನು ಪರಿಣಾಮವಾಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಕೊನೆಯಲ್ಲಿ ಇದೇ ಪ್ರಶ್ನೆ ಬೇರೆ ರೂಪಗಳಲ್ಲಿ ಮೂಡಿದ ಮೂರು ಈಚಿನ ನಿದರ್ಶನಗಳನ್ನು ತೌಲನಿಕವಾಗಿ ನೋಡಲಾಗುವುದು.

೨. ಗಣಿ ಮತ್ತು ದುರಂತ

ಪಾ-ದ-ಕಾಲೆ ಪ್ರಾಂತದ ಲಾಂಸ್ ಪಟ್ಟಣದ ಸುತ್ತಮುತ್ತ ಮೆರಿಕೂರ್, ಸಲೋಮಿನ್, ಬಿಯಿ-ಮೊಂತಿನ್ಯಿ ಮೊದಲಾದ ಗಣಿಗಾರರ ಊರುಗಳಿವೆ. ಕೂರಿಯೆರ್ ಕಂಪೆನಿಯ ಶಾಫ್ಟುಗಳು ಈ ಊರುಗಳಲ್ಲಿದ್ದುವು. ಒಂದೊಂದು ಶಾಫ್ಟಿಗೂ ಒಂದೊಂದು ಸಂಖ್ಯೆಯಿದ್ದು, ನೆಲದ ಕೆಳಗೆ ಅವೆಲ್ಲವೂ ಸುರಂಗಮಾರ್ಗಗಳಿಂದ ಪರಸ್ಪರ ಕೂಡಿಕೊಂಡಿದ್ದುವು. ಒಂದು ಶಾಫ್ಟಿನಲ್ಲಿ ಅಪಾಯವಾದರೆ ಇನ್ನೊಂದರಿಂದ ಹೊರಬೀಳಬಹುದೆಂಬುದು ಈ ಜೋಡಣೆಯ ಗುಣ. ಒಂದೆಡೆ ಹುಟ್ಟಿದ ಸ್ಫೋಟ ಮತ್ತೊಂದೆಡೆಗೆ ಹರಿಯಲೂ ಅದೇ ದಾರಿಯಾಗಬಹುದೆಂಬುದು ಅದರ ದೋಷ. ಮಾರ್ಚ್ ೧೦ರಂದು ಗುಣದೋಷಗಳೆರಡೂ ಪ್ರತ್ಯಕ್ಷವಾದುವು.

ದುರಂತಕ್ಕೆ ಕೆಲವು ದಿನಗಳ ಮುಂಚೆ ಮೆರಿಕೂರಿನ ೩ನೆಯ ಶಾಫ್ಟಿಗೆ ಸೇರಿದ ಸೆಸಿಲ್ ಎಂಬ ಕಲ್ಲಿದ್ದಲಿನ ಪದರದಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ಗಾಳಿ ಸಿಗದಂತೆ ಮಾಡಿ ಅದನ್ನು ನಂದಿಸಲು ಅಡ್ಡಗೋಡೆಗಳನ್ನು ಕಟ್ಟುವ ಕೆಲಸ ನಡೆದಿತ್ತು. ಬೆಂಕಿ ಪೂರ್ತಿಯಾಗಿ ಆರುವವರೆಗೂ ಯಾರನ್ನೂ ಕೆಳಗೆ ಇಳಿಸಬಾರದೆಂದು ಗಣಿಗಾರರ ಪ್ರತಿನಿಧಿಯಾದ ಪಿಯೆರ್ ಸಿಮೋನ್ ಎಂಬಾತ ಸಲಹೆ ಮಾಡಿದನು. ‘ರಿಕ್’ ಎಂಬುದು ಜನರಲ್ಲಿ ಅವನಿಗಿದ್ದ ಹೆಸರು. ಕಂಪೆನಿಯ ಇಂಜಿನಿಯರುಗಳು ಆ ಸಲಹೆಯನ್ನು ಮನ್ನಿಸಲಿಲ್ಲ. ಶನಿವಾರ ಬೆಳಗ್ಗೆ ಪಾಳಿ ಎಂದಿನಂತೆ ಇಳಿಯಿತು.

ಅಂದು ಬೆಳಗ್ಗೆ ಸುಮಾರು ಆರೂವರೆ ಗಂಟೆಗೆ ಸ್ಫೋಟವಾಯಿತು. ೨, ೩ ಮತ್ತು ೪ನೆಯ ಶಾಫ್ಟುಗಳಿಗೆ ಸೇರಿದ ಸುಮಾರು ೧೧೦ ಕಿಲೋಮೀಟರು ಉದ್ದದ ಸುರಂಗಗಳು ಕೆಲವೇ ನಿಮಿಷಗಳಲ್ಲಿ ಅದಕ್ಕೆ ತುತ್ತಾದುವು. ಆಗ ಕೆಳಗಿದ್ದವರು ಸಾವಿರದ ಆರುನೂರಕ್ಕೂ ಹೆಚ್ಚು ಮಂದಿ. ಅವರಲ್ಲಿ ಹದಿಹರೆಯದ ಹುಡುಗರೂ ಅನೇಕರಿದ್ದರು. ಮೊದಲ ಕಿಡಿ ಎಲ್ಲಿ ಹುಟ್ಟಿತೆಂಬ ವಿಷಯದಲ್ಲಿ ಒಮ್ಮತವಿಲ್ಲ. ಸೆಸಿಲ್ ಪದರದ ಬೆಂಕಿ, ಬಂಡೆ ಒಡೆಯಲು ಇಟ್ಟ ಸಿಡಿಮದ್ದು, ತೆರೆದ ಜ್ವಾಲೆಯ ದೀಪ, ಈ ಮೂರನ್ನೂ ಕಾರಣವೆಂದು ಹೇಳಿದವರಿದ್ದಾರೆ. ಆದರೆ ಸ್ಫೋಟವನ್ನು ಅಷ್ಟು ದೂರ ಹೊತ್ತೊಯ್ದುದು ಸುರಂಗಗಳಲ್ಲಿ ಹರಡಿದ್ದ ಕಲ್ಲಿದ್ದಲಿನ ಧೂಳು ಎಂಬುದರಲ್ಲಿ ಸಂದೇಹವಿಲ್ಲ. ಸ್ಫೋಟಕ ಅನಿಲದ ಬಾಧೆ ಇಲ್ಲಿ ಇಲ್ಲವೆಂದು ಭಾವಿಸಿ ಈ ಗಣಿಗಳಲ್ಲಿ ತೆರೆದ ದೀಪಗಳನ್ನು ಬಳಸುತ್ತಿದ್ದರು. ಅನಿಲದ ನೆರವಿಲ್ಲದೆ ಧೂಳೊಂದೇ ಇಷ್ಟು ಅನರ್ಥ ಮಾಡೀತೆಂಬುದನ್ನು ಆ ಕಾಲದ ಫ್ರೆಂಚ್ ತಜ್ಞರಲ್ಲಿ ಬಹುಮಂದಿ ನಂಬಿರಲಿಲ್ಲ.

೩. ರಕ್ಷಣೆಯ ಮೊದಲ ದಿನಗಳು

೩ನೆಯ ಶಾಫ್ಟು ಸ್ಫೋಟದ ಹೊಡೆತಕ್ಕೆ ಕೆಟ್ಟುಹೋಗಿ ಜನರನ್ನು ಏರಿಸಿ ಇಳಿಸುವ ಪಂಜರ ಅಲ್ಲಿ ಓಡಾಡದಂತಾಯಿತು. ಬದುಕಿ ಉಳಿದವರು ನೆರೆಯ ಶಾಫ್ಟುಗಳ ದಾರಿಯಿಂದ ಹೊರಬಂದರು. ಹಾಗೆ ಮೊದಲ ದಿನವೇ ಪಾರಾದವರು ಹಲವು ನೂರು ಮಂದಿ. ಕಂಪೆನಿಯ ಇಂಜಿನಿಯರುಗಳೂ ಸಾಮಾನ್ಯ ಗಣಿಗಾರರೂ ಸ್ವಂತ ಪ್ರಾಣವನ್ನು ಲೆಕ್ಕಿಸದೆ ಮತ್ತೆ ಮತ್ತೆ ಕೆಳಗಿಳಿದು ಹೊಗೆಯ ನಡುವೆ ಹುಡುಕಿದರು. ಧೈರ್ಯಕ್ಕೆ ಅಂದು ಕೊರತೆಯಿರಲಿಲ್ಲವೆಂಬುದನ್ನು ಕಂಪೆನಿಯ ಕಟುಟೀಕಾಕಾರರೂ ಒಪ್ಪಬೇಕಾಗುತ್ತದೆ.

ಕೊರತೆಯಿದ್ದುದು ಸಿದ್ಧತೆಯಲ್ಲಿ. ವಿಷಾನಿಲದ ನಡುವೆ ಕೆಲಸಮಾಡಲು ಬೇಕಾದ ಉಸಿರಾಟದ ಉಪಕರಣಗಳನ್ನು ಬಳಸಿ ಪಳಗಿದ ರಕ್ಷಣಾದಳ ಆ ಗಣಿಪ್ರದೇಶದಲ್ಲಿ ಇರಲಿಲ್ಲ. ಅಂಥ ದಳಗಳು ಇದ್ದುದು ಗಡಿಯಾಚೆ, ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ. ಹೆರ್ನೆ ಪಟ್ಟಣದ ಶಾಮ್ರಾಕ್ ಗಣಿಯ ನಿರ್ದೇಶಕನಾದ ಮೈಯರ್ ಎಂಬಾತನ ನೇತೃತ್ವದಲ್ಲಿ ಸುಮಾರು ಇಪ್ಪತ್ತೈದು ಮಂದಿಯ ಒಂದು ದಳ ಉಪಕರಣಗಳೊಡನೆ ಹೊರಟು ಎರಡು ದಿನಗಳಲ್ಲಿ ಬಂದು ಸೇರಿತು. ಮೊರಾಕೊ ಪ್ರಶ್ನೆಯ ಮೇಲೆ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಯುದ್ಧವೇ ಆಗಬಹುದೆಂಬ ಆತಂಕವಿದ್ದ ಕಾಲ ಅದು. ಅಲ್ಜೆಸಿರಾಸ್ ಸಮ್ಮೇಳನ ಇನ್ನೂ ನಡೆಯುತ್ತಿದ್ದಿತು. ಇಂಥ ಸಮಯದಲ್ಲಿ ಜರ್ಮನ್ ಗಣಿಗಾರರು ಫ್ರೆಂಚ್ ಗಣಿಗಾರರಿಗಾಗಿ ಕೆಳಗಿಳಿದುದು ಜನರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ೧೯೩೧ರಲ್ಲಿ ಪಾಬ್ಸ್ಟ್ ನಿರ್ದೇಶಿಸಿದ ‘ಕಾಮೆರಾಡ್‌ಶಾಫ್ಟ್’ ಎಂಬ ಚಲನಚಿತ್ರಕ್ಕೆ ಪ್ರೇರಣೆ ಈ ಘಟನೆಯೇ. ಆದರೆ ವಿಷಾನಿಲದಲ್ಲಿ ಒಂದೊಂದು ಗಂಟೆಯೂ ಅಮೂಲ್ಯವಾಗಿರುವಾಗ ಎರಡು ದಿನಗಳ ಬಳಿಕ ಬಂದ ನೆರವು ಎಷ್ಟು ಪ್ರಾಣಗಳನ್ನು ಉಳಿಸೀತು?

ಇಷ್ಟರಲ್ಲಿ ನಿರ್ಣಾಯಕವಾದ ಒಂದು ತೀರ್ಮಾನವಾಗಿತ್ತು. ಗಣಿಯಲ್ಲಿ ಬೆಂಕಿ ಇನ್ನೂ ಉರಿಯುತ್ತಿತ್ತು. ಎರಡನೆಯ ಸ್ಫೋಟದ ಭಯವಿತ್ತು. ಸ್ಥಳಕ್ಕೆ ಬಂದ ಸರ್ಕಾರಿ ಗಣಿ ಇಂಜಿನಿಯರುಗಳೂ ಕಂಪೆನಿಯವರೂ ಆಲೋಚಿಸಿ, ಒಳಗೆ ಇನ್ನು ಯಾರೂ ಜೀವಂತವಾಗಿರುವ ಸಂಭವವಿಲ್ಲವೆಂಬ ಅಭಿಪ್ರಾಯಕ್ಕೆ ಬಂದರು. ಮೂರು ನಾಲ್ಕು ದಿನಗಳಲ್ಲಿಯೇ ಬದುಕಿದವರನ್ನು ಹುಡುಕುವ ಕೆಲಸ ಹಿಂದೆ ಸರಿದು, ಬೆಂಕಿಯನ್ನು ಅಡಗಿಸುವುದು, ಗಾಳಿಯ ಸಂಚಾರವನ್ನು ಸರಿಪಡಿಸುವುದು, ಹೆಣಗಳನ್ನು ಮೇಲೆತ್ತುವುದು ಮುಖ್ಯ ಕಾರ್ಯವಾಯಿತು.

೪. ಗಣಿಯ ಗೇಟಿನ ಹೊರಗೆ

ನೆಲದ ಮೇಲಿನ ಕಥೆಯೂ ನೆಲದ ಕೆಳಗಿನ ಕಥೆಯಷ್ಟೇ ಮುಖ್ಯವಾದುದು. ಸ್ಫೋಟದ ಸುದ್ದಿ ಹಬ್ಬಿದೊಡನೆ ಸಾವಿರಾರು ಹೆಂಗಸರು ಮಕ್ಕಳು ಶಾಫ್ಟುಗಳ ಬಳಿಗೆ ಓಡಿಬಂದರು. ಗೇಟುಗಳನ್ನು ಮುಚ್ಚಿ ಪೋಲೀಸರನ್ನು ಕಾವಲು ನಿಲ್ಲಿಸಲಾಯಿತು. ಒಳಗೆ ಎಷ್ಟು ಮಂದಿ ಇದ್ದರು, ಎಷ್ಟು ಮಂದಿ ಬೇರೆ ಶಾಫ್ಟಿನಿಂದ ಹೊರಬಂದರು ಎಂಬುದನ್ನು ಖಚಿತವಾಗಿ ಹೇಳಬಲ್ಲವರು ಆ ದಿನ ಯಾರೂ ಇರಲಿಲ್ಲ. ಒಂದು ಊರಿನಲ್ಲಿ ಇಳಿದವನು ಇನ್ನೊಂದು ಊರಿನಲ್ಲಿ ಮೇಲೆ ಬಂದಿರಬಹುದಾಗಿತ್ತು. ಆದಕಾರಣ ಬಂಧುಗಳು ಶಾಫ್ಟಿನಿಂದ ಶಾಫ್ಟಿಗೆ ಅಲೆಯಬೇಕಾಯಿತು. ಅಧಿಕೃತವಾದ ಮಾತು ಇಲ್ಲದ ಕಡೆ ವದಂತಿ ತಾನಾಗಿ ಬಂದು ಕುಳಿತಿತು.

ಮಾರ್ಚ್ ೧೩ರಂದು, ಹಿಮ ಸುರಿಯುತ್ತಿದ್ದಂತೆಯೇ, ಗುರುತು ಹತ್ತದ ಅನೇಕ ಹೆಣಗಳನ್ನು ಸಾಮೂಹಿಕವಾಗಿ ಹೂಳಲಾಯಿತು. ಸಂಸ್ಕಾರಕ್ಕೆ ಬಂದಿದ್ದ ಕಂಪೆನಿಯ ಮುಖ್ಯಾಧಿಕಾರಿಯನ್ನು ಜನ ಧಿಕ್ಕರಿಸಿ ಕೂಗಿದರು. ದುಃಖ ಅಷ್ಟರಲ್ಲಿಯೇ ಕೋಪವಾಗಿ ತಿರುಗಿತ್ತು. ಆ ವಾರದಲ್ಲಿಯೇ ಮುಷ್ಕರ ಹುಟ್ಟಿ ನೆರೆಯ ಗಣಿಪ್ರದೇಶಗಳಿಗೆಲ್ಲ ಹಬ್ಬಿ, ಹತ್ತಾರು ಸಾವಿರ ಗಣಿಗಾರರು ಕೆಲಸ ಬಿಟ್ಟರು. ಮಾರ್ಚ್ ೧೪ರಂದು ಅಧಿಕಾರಕ್ಕೆ ಬಂದ ಮಂತ್ರಿಮಂಡಲದಲ್ಲಿ ಒಳಾಡಳಿತ ಸಚಿವನಾದ ಕ್ಲೆಮಾನ್ಸೊ ಸ್ವತಃ ಲಾಂಸ್ ಪಟ್ಟಣಕ್ಕೆ ಬಂದು ಮುಷ್ಕರಗಾರರೊಡನೆ ಮಾತನಾಡಿದನು. ಅನಂತರ ಅವನೇ ದೊಡ್ಡ ಸಂಖ್ಯೆಯಲ್ಲಿ ಸೈನ್ಯವನ್ನು ಕಳುಹಿಸಿದನು. ಕೂಲಿಯ ಪ್ರಶ್ನೆ ಈ ಮುಷ್ಕರದಲ್ಲಿ ಪ್ರಧಾನವಾಗಿತ್ತೆಂಬುದು ನಿಜ. ಆದರೆ ಅದರ ಕಾವಿಗೆ ಇನ್ನೊಂದು ಕಾರಣವೂ ಇತ್ತು: ಕಂಪೆನಿಯ ಮಾತನ್ನು ನಂಬುವವರು ಈಗ ಯಾರೂ ಉಳಿದಿರಲಿಲ್ಲ.

೫. ಇಪ್ಪತ್ತನೆಯ ದಿನ

ಮಾರ್ಚ್ ೩೦ರ ಬೆಳಗ್ಗೆ ಬಿಯಿ-ಮೊಂತಿನ್ಯಿಯ ೨ನೆಯ ಶಾಫ್ಟಿನ ಬುಡದಲ್ಲಿ ಹದಿಮೂರು ಮಂದಿ ಗಣಿಗಾರರು ಕಾಣಿಸಿಕೊಂಡರು. ದುರಂತವಾಗಿ ಇಪ್ಪತ್ತು ದಿನಗಳಾಗಿದ್ದುವು. ಆನ್ರಿ ನೆನಿ ಮತ್ತು ಶಾರ್ಲ್ ಪ್ರೂವೋ ಎಂಬಿಬ್ಬರು ಅವರಿಗೆ ಮುಂದಾಳುಗಳಾಗಿದ್ದರು. ಪ್ರೂವೋನ ಮಗನೂ ಆ ಗುಂಪಿನಲ್ಲಿದ್ದನು. ಕತ್ತಲಲ್ಲಿ ತಡವರಿಸುತ್ತ, ಸತ್ತವರ ಬುತ್ತಿಯನ್ನೂ, ಆಧಾರಕ್ಕೆ ನಿಲ್ಲಿಸಿದ್ದ ಮರದ ಕಂಬಗಳ ತೊಗಟೆಯನ್ನೂ, ನೆಲದಡಿಯ ಲಾಯದಲ್ಲಿ ದೊರೆತ ಓಟ್ಸ್ ಧಾನ್ಯವನ್ನೂ, ಕುದುರೆಯ ಮಾಂಸವನ್ನೂ ತಿಂದು ಅವರು ಜೀವ ಹಿಡಿದಿದ್ದರು. ಏಪ್ರಿಲ್ ೪ರಂದು ಹದಿನಾಲ್ಕನೆಯ ಮನುಷ್ಯನೊಬ್ಬ ೪ನೆಯ ಶಾಫ್ಟಿನ ಕಡೆ ಜೀವಸಹಿತ ದೊರೆತನು.

ಈ ಹದಿಮೂರು ಮಂದಿಯನ್ನು ಯಾರೂ ಹುಡುಕಿ ತರಲಿಲ್ಲ, ಅವರೇ ದಾರಿ ಕಂಡುಕೊಂಡು ಬಂದರು. ಯಾರೂ ಉಳಿದಿಲ್ಲವೆಂದು ತೀರ್ಮಾನಿಸಿದ್ದ ಗಣಿಯಿಂದ ಮನುಷ್ಯರು ನಡೆದುಬಂದರು. ಸರ್ಕಾರ ನೆನಿ ಮತ್ತು ಪ್ರೂವೋ ಇವರಿಗೆ ಲೆಜಿಯೋನ್ ದೊನರ್ ಗೌರವವನ್ನು ಕೊಟ್ಟಿತು. ಆದರೆ ಪ್ರತಿಯೊಂದು ಮನೆಯಲ್ಲಿಯೂ ಆ ದಿನ ಎದ್ದ ಪ್ರಶ್ನೆಗೆ ಯಾವ ಪದಕವೂ ಉತ್ತರವಾಗಲಾರದು: ಹದಿಮೂರು ಮಂದಿ ಇಪ್ಪತ್ತು ದಿನ ಬದುಕಿದ್ದರೆ, ಮೊದಲ ವಾರದಲ್ಲಿ ಇನ್ನೆಷ್ಟು ಮಂದಿ ಬದುಕಿದ್ದರು? ಮನುಷ್ಯರನ್ನು ಬಿಟ್ಟು ಕಲ್ಲಿದ್ದಲನ್ನು ಉಳಿಸಿಕೊಂಡರೆಂಬ ಆರೋಪ ಅಂದಿನಿಂದ ಜನರ ಬಾಯಲ್ಲಿ ಸ್ಥಿರವಾಗಿ ನಿಂತಿತು.

೬. ದೋಷವಿಚಾರ

ಈ ಆರೋಪವನ್ನು ಚರಿತ್ರಕಾರನು ಹಾಗೆಯೇ ಸ್ವೀಕರಿಸಲಾಗದು, ತಳ್ಳಿಹಾಕಲೂ ಆಗದು. ಮಾರ್ಚ್ ೩೦ರಂದು ತಿಳಿದ ಸಂಗತಿಯಿಂದ ಮಾರ್ಚ್ ೧೩ರ ತೀರ್ಮಾನವನ್ನು ಅಳೆಯುವುದು ನ್ಯಾಯವಲ್ಲ. ಬೆಂಕಿ ಉರಿಯುತ್ತಿರುವ ಗಣಿಗೆ ಜನರನ್ನು ಇಳಿಸುತ್ತ ಹೋದರೆ ಸಾವಿನ ಸಂಖ್ಯೆ ಏರುವ ಅಪಾಯ ನಿಜವಾದುದೇ ಆಗಿತ್ತು. ವಿಷಾನಿಲ ತುಂಬಿದ ಕಡೆ ಮನುಷ್ಯ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂಬುದು ಅಂದಿನ ಇಂಜಿನಿಯರುಗಳ ಅನುಭವ. ಈ ಆಧಾರಗಳ ಮೇಲೆ ನಿಂತ ತೀರ್ಮಾನವನ್ನು ಕೇವಲ ಧನಲೋಭದ ಫಲವೆಂದು ಹೇಳುವುದು ಅತಿಸರಳವಾದ ವಿವರಣೆಯಾದೀತು.

ಹಾಗಾದರೆ ದೋಷ ಎಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ಅದು ಮೂರು ಕಡೆ ಇದೆ. ಮೊದಲನೆಯದಾಗಿ, ೧೧೦ ಕಿಲೋಮೀಟರಿನ ಸುರಂಗಗಳಲ್ಲಿ ಹುಡುಕಲು ಸಾಧ್ಯವಾದುದು ಒಂದು ಭಾಗ ಮಾತ್ರ. ಹುಡುಕದ ಭಾಗದಿಂದ ಸದ್ದು ಕೇಳಿಸಲಿಲ್ಲವೆಂದರೆ, ಸದ್ದನ್ನು ಮೇಲಕ್ಕೆ ಮುಟ್ಟಿಸುವ ಸಾಧನ ಇರಲಿಲ್ಲವೆಂದೇ ಅರ್ಥ. ‘ತಿಳಿದಿಲ್ಲ’ ಎಂಬ ಸ್ಥಿತಿ ‘ಯಾರೂ ಇಲ್ಲ’ ಎಂಬ ತೀರ್ಮಾನವಾಗಿ ಮಾರ್ಪಟ್ಟುದೇ ಮೂಲದೋಷ. ಮೂರು ಅಡ್ಡಗೋಡೆಗಳ ಆಚೆ ವಿಷಾನಿಲವಿದ್ದರೂ ನಾಲ್ಕನೆಯದರ ಆಚೆ ಒಳ್ಳೆಯ ಗಾಳಿ ಉಳಿದಿರಬಹುದೆಂಬ ಸಾಧ್ಯತೆಗೆ ಆ ತೀರ್ಮಾನದಲ್ಲಿ ಎಡೆ ಇರಲಿಲ್ಲ.

ಎರಡನೆಯದು, ತೀರ್ಮಾನ ಮಾಡಿದವರು ಯಾರು ಎಂಬ ವಿಷಯ. ಆ ಸುರಂಗಗಳ ಮೂಲೆಮೂಲೆಯನ್ನೂ ಬಲ್ಲವರು ದಿನವೂ ಅಲ್ಲಿ ದುಡಿದ ಗಣಿಗಾರರು. ದುರಂತಕ್ಕೆ ಮೊದಲು ಅವರ ಪ್ರತಿನಿಧಿ ಕೊಟ್ಟ ಎಚ್ಚರಿಕೆಗೆ ಬೆಲೆ ಸಿಕ್ಕಿರಲಿಲ್ಲ. ಇಂಜಿನಿಯರನ ವಿದ್ಯೆಗೂ ಕೆಲಸಗಾರನ ಅನುಭವಕ್ಕೂ ನಡುವೆ ಮಾತು ಹರಿಯುವ ದಾರಿ ಮೊದಲೇ ಕಟ್ಟಿಹೋಗಿತ್ತು. ಅಪಾಯದ ದಿನ ಆ ದಾರಿ ಒಮ್ಮೆಗೇ ತೆರೆದುಕೊಳ್ಳುವುದೆಂದು ನಿರೀಕ್ಷಿಸುವಂತಿಲ್ಲ.

ಮೂರನೆಯದು, ಬಂಧುಗಳಿಗೆ ಹೇಳಿದ ಮಾತು. ‘ಹುಡುಕುವುದು ಈಗ ಅಪಾಯಕರ, ಬದುಕಿರುವ ಸಂಭವ ಬಹಳ ಕಡಮೆ’ ಎಂದು ಹೇಳಿದ್ದರೆ ಅದು ಸತ್ಯವಾಗುತ್ತಿತ್ತು. ಹದಿಮೂರು ಮಂದಿ ಮೇಲೆ ಬಂದ ದಿನವೂ ಸತ್ಯವಾಗಿಯೇ ಉಳಿಯುತ್ತಿತ್ತು. ಸಂಶಯವಿದ್ದೆಡೆ ನಿಶ್ಚಯವನ್ನು ಸಾರಿದ್ದರಿಂದ, ಸಮರ್ಥನೀಯವಾದ ಕ್ರಮಗಳೂ ವಂಚನೆಯಂತೆ ಕಂಡುವು.

ದುರಂತದಿಂದ ಕೆಲವು ಸುಧಾರಣೆಗಳು ಹುಟ್ಟಿದುವು. ಲಿಯೆವಾನ್ ಎಂಬಲ್ಲಿ ತಫಾನೆಲ್ ಎಂಬ ಇಂಜಿನಿಯರನ ನೇತೃತ್ವದಲ್ಲಿ ಪ್ರಯೋಗಕೇಂದ್ರ ಸ್ಥಾಪಿತವಾಗಿ ಧೂಳಿನ ಸ್ಫೋಟದ ಶಾಸ್ತ್ರೀಯ ಅಧ್ಯಯನ ನಡೆಯಿತು. ಕಲ್ಲಿನ ಪುಡಿಯನ್ನು ಹಲಗೆಗಳ ಮೇಲಿಟ್ಟು ಸ್ಫೋಟವನ್ನು ತಡೆಯುವ ವಿಧಾನ ಅವನ ಹೆಸರಿನಿಂದ ಪ್ರಸಿದ್ಧವಾಯಿತು. ಫ್ರಾನ್ಸಿನ ಗಣಿಗಳಲ್ಲಿಯೂ ಉಸಿರಾಟದ ಉಪಕರಣಗಳೂ ತರಬೇತಿ ಪಡೆದ ದಳಗಳೂ ಬಂದುವು. ಹೀಗೆ ಧೂಳಿನ ಸಮಸ್ಯೆಗೂ ಉಪಕರಣದ ಸಮಸ್ಯೆಗೂ ಪರಿಹಾರ ಹುಡುಕಿದರು. ವಾರ್ತೆಯ ಸಮಸ್ಯೆ ಹಾಗೆಯೇ ಉಳಿಯಿತು.

೭. ಮೂರು ಈಚಿನ ನಿದರ್ಶನಗಳು

ಅದು ಒಂದು ಶತಮಾನ ಕಳೆದರೂ ಉಳಿದಿತ್ತೆಂಬುದಕ್ಕೆ ಅಮೆರಿಕದ ಪಶ್ಚಿಮ ವರ್ಜೀನಿಯ ರಾಜ್ಯದ ಸೇಗೋ ಗಣಿಯ ದುರಂತ ಸಾಕ್ಷಿ. ೨೦೦೬ರ ಜನವರಿ ೨ರಂದು ಅಲ್ಲಿ ಸ್ಫೋಟವಾಗಿ ಹದಿಮೂರು ಮಂದಿ ಒಳಗೆ ಸಿಕ್ಕಿಬಿದ್ದರು. ಅವರಲ್ಲಿ ಹನ್ನೆರಡು ಮಂದಿ ಪರದೆ ಕಟ್ಟಿಕೊಂಡು ಕುಳಿತು, ಛಾವಣಿಯ ಬೋಲ್ಟುಗಳನ್ನು ಸುತ್ತಿಗೆಯಿಂದ ಹೊಡೆದು ಸದ್ದು ಮಾಡಿದರು. ಮೇಲೆ ಅದನ್ನು ಕೇಳಿಸಿಕೊಂಡವರಿಲ್ಲ. ಸ್ಫೋಟವಾಗಿ ನಲವತ್ತೊಂದು ಗಂಟೆಗಳ ಬಳಿಕ ರಕ್ಷಣಾದಳ ಅವರನ್ನು ಮುಟ್ಟಿದಾಗ ಒಬ್ಬನು ಮಾತ್ರ ಬದುಕಿದ್ದನು. ಮುಖವಾಡ ಧರಿಸಿದ್ದವರು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಆ ಸುದ್ದಿ ಮೇಲೆ ಬರುವಷ್ಟರಲ್ಲಿ ‘ಹನ್ನೆರಡು ಮಂದಿ ಬದುಕಿದ್ದಾರೆ’ ಎಂದಾಯಿತು. ಚರ್ಚಿನಲ್ಲಿ ಕಾದಿದ್ದ ಬಂಧುಗಳು ಹಿಗ್ಗಿ ಗಂಟೆ ಬಾರಿಸಿದರು. ಸುದ್ದಿ ತಪ್ಪೆಂದು ಮೇಲ್ವಿಚಾರಣೆಯ ಕೇಂದ್ರಕ್ಕೆ ಒಂದು ಗಂಟೆಯೊಳಗೆ ತಿಳಿದರೂ ಬಂಧುಗಳಿಗೆ ಅದನ್ನು ಹೇಳುವ ಹೊತ್ತಿಗೆ ಸುಮಾರು ಮೂರು ಗಂಟೆಗಳು ಕಳೆದಿದ್ದುವು. ಕೂರಿಯೆರ್‌ನಲ್ಲಿ ಮೌನವನ್ನು ಸಾವೆಂದು ತಿಳಿದರು. ಸೇಗೋದಲ್ಲಿ ಅರೆಕೇಳಿದ ಮಾತನ್ನು ಜೀವವೆಂದು ತಿಳಿದರು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಗಣಿಯೊಳಗಿನವರೊಡನೆ ತಂತಿಯಿಲ್ಲದೆ ಮಾತನಾಡುವ ಮತ್ತು ಅವರ ನೆಲೆಯನ್ನು ಗುರುತಿಸುವ ವ್ಯವಸ್ಥೆಯನ್ನು ಶಾಸನಬದ್ಧ ಮಾಡಿತು. ಬಂಧುಗಳೊಡನೆ ಸಂಪರ್ಕಕ್ಕೆ ಒಬ್ಬ ಸರ್ಕಾರಿ ಅಧಿಕಾರಿಯನ್ನು ನೇಮಿಸಬೇಕೆಂದೂ ಅದೇ ಶಾಸನ ವಿಧಿಸಿತು.

ಇದಕ್ಕೆ ಭಿನ್ನವಾದ ಮಾದರಿ ನಮ್ಮ ದೇಶದಲ್ಲಿಯೇ ಇದೆ. ೧೯೮೯ರ ನವೆಂಬರ್ ೧೩ರಂದು ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದ ಮಹಾವೀರ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ಎಪ್ಪತ್ತೊಂದು ಮಂದಿ ಸಿಕ್ಕಿಬಿದ್ದರು. ಅವರಲ್ಲಿ ಆರು ಮಂದಿ ಮೃತರಾದರು. ಉಳಿದವರೊಡನೆ ಮೊದಲು ಸಂಪರ್ಕವನ್ನು ಸಾಧಿಸಿ, ಬಳಿಕ ಮನುಷ್ಯ ಹಿಡಿಸುವಷ್ಟು ಅಗಲದ ರಂಧ್ರವನ್ನು ಕೊರೆದು, ಉಕ್ಕಿನ ಕೋಶವೊಂದನ್ನು ಇಳಿಬಿಟ್ಟರು. ಇಂಜಿನಿಯರರಾದ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ಇಳಿದು, ಅರವತ್ತೈದು ಮಂದಿಯನ್ನೂ ಒಬ್ಬೊಬ್ಬರಾಗಿ ಮೇಲೆ ಕಳುಹಿಸಿ, ಕೊನೆಯಲ್ಲಿ ತಾವು ಬಂದರು.

ಚಿಲಿ ದೇಶದ ಸಾನ್ ಹೋಸೆ ಗಣಿ ೨೦೧೦ರ ಆಗಸ್ಟ್ ೫ರಂದು ಕುಸಿದಾಗ ಮೂವತ್ತಮೂರು ಮಂದಿ ಸುಮಾರು ೭೦೦ ಮೀಟರು ಆಳದಲ್ಲಿ ಸಿಕ್ಕಿದರು. ಹದಿನೇಳು ದಿನ ಯಾವ ಸುದ್ದಿಯೂ ಇರಲಿಲ್ಲ. ಆದರೂ ರಂಧ್ರ ಕೊರೆಯುವುದನ್ನು ನಿಲ್ಲಿಸಲಿಲ್ಲ. ಆಗಸ್ಟ್ ೨೨ರಂದು ಕೊರೆಯುವ ಸಲಾಕೆಗೆ ಕಟ್ಟಿದ ಚೀಟಿಯೊಂದು ಮೇಲೆ ಬಂದಿತು. ಮೂವತ್ತಮೂರು ಮಂದಿಯೂ ಕ್ಷೇಮವೆಂದು ಅದರಲ್ಲಿ ಬರೆದಿತ್ತು. ಅಕ್ಟೋಬರ್ ೧೩ರ ರಾತ್ರಿಯ ಹೊತ್ತಿಗೆ ಎಲ್ಲರೂ ಹೊರಬಂದರು. ಕೂರಿಯೆರ್‌ನ ಹದಿಮೂರು ಮಂದಿಯ ಇಪ್ಪತ್ತು ದಿನಗಳನ್ನೂ ಇಲ್ಲಿಯ ಹದಿನೇಳು ದಿನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೌನದ ಅವಧಿ ಹೆಚ್ಚುಕಡಮೆ ಒಂದೇ. ಬೆಂಕಿಯೂ ವಿಷಾನಿಲವೂ ಇಲ್ಲದ ತಾಮ್ರ ಚಿನ್ನಗಳ ಗಣಿ ಇದೆಂಬುದನ್ನು ಮರೆಯದೆಯೇ, ಆ ಮೌನಕ್ಕೆ ಕೊಟ್ಟ ಅರ್ಥ ಬೇರೆಯಾಗಿತ್ತೆಂದು ಹೇಳಬಹುದು.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಗಣಿದುರಂತದಲ್ಲಿ ವಾರ್ತಾಸಂಪರ್ಕವು ರಕ್ಷಣಾಕಾರ್ಯದ ಬಳಿಕ ಬರುವ ಉಪಚಾರವಲ್ಲ, ಅದರ ಮೊದಲ ಅಂಗ. ಒಳಗಿನವರ ಮಾತಿಗೆ ದಾರಿ ಮಾಡಿದ ಮೇಲೆಯೇ ಅವರ ದೇಹಕ್ಕೆ ದಾರಿ ಮಾಡುವುದು ಸಾಧ್ಯವೆಂಬುದನ್ನು ರಾಣಿಗಂಜ್ ಮತ್ತು ಸಾನ್ ಹೋಸೆ ತೋರಿಸುತ್ತವೆ. ಅಂತೆಯೇ, ಮೇಲೆ ಕಾದಿರುವವರಿಗೆ ತಿಳಿದದ್ದನ್ನು ತಿಳಿದಷ್ಟೇ, ಸಂಶಯವನ್ನು ಸಂಶಯವಾಗಿಯೇ ಹೇಳುವ ಆಡಳಿತಕ್ಕೆ ಮಾತ್ರ ಕಠಿಣವಾದ ತೀರ್ಮಾನಗಳನ್ನು ಮಾಡುವ ನೈತಿಕ ಅಧಿಕಾರ ಉಳಿಯುತ್ತದೆ. ಅಂಥ ವಿಶ್ವಾಸ ದುರಂತದ ದಿನ ಹುಟ್ಟುವುದಿಲ್ಲ. ‘ಇಂದು ಇಳಿಯಬೇಡಿ’ ಎಂದ ಕೆಲಸಗಾರನ ಮಾತಿಗೆ ಅದರ ಹಿಂದಿನ ದಿನ ಕೊಟ್ಟ ಬೆಲೆಯಿಂದ ಹುಟ್ಟುತ್ತದೆ.

ಕೋಲಾರದ ಗಣಿಗಳಲ್ಲಿ ನಡೆದ ಅಪಘಾತಗಳನ್ನೂ ಈ ದೃಷ್ಟಿಯಿಂದ ಅಭ್ಯಸಿಸುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಕಾದಿದೆ. ಶಿಲಾಸ್ಫೋಟದ ಸದ್ದು ಕೇಳಿದ ರಾತ್ರಿ ಶಾಫ್ಟಿನ ಬಳಿ ಯಾರು ಬಂದು ನಿಂತರು, ಅವರಿಗೆ ಯಾರು ಏನು ಹೇಳಿದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಆ ಕೆಲಸ ನಡೆಯುವುದು ಒಳ್ಳೆಯದು.